ಹೂರಣದಲ್ಲಿ ಕುಂಬಳಕಾಯಿ

ಅತ್ತೆ, ನಿಮ್ಮ ನಾಲಿಗೆ ಕೆಟ್ಟಿರಲಿಲ್ಲ. ಆ ಯುಗಾದಿಯ ಒಬ್ಬಟ್ಟಿನಲ್ಲಿ ಕುಂಬಳಕಾಯಿ ಇತ್ತು. ನೀವು ಹೇಳಿದ್ದು ನಿಜ, ನಾನು ಹೇಳಿದ್ದು ಸುಳ್ಳು. ಇಷ್ಟು ಹೇಳಲು ನನಗೆ ಎರಡೂವರೆ ವರ್ಷ ಬೇಕಾಯಿತು. ಅಷ್ಟರಲ್ಲಿ ನೀವು ಹೋಗಿಬಿಟ್ಟಿರಿ.

ಇದನ್ನು ಬೇರೆಯವರೂ ಓದಲಿ ಎಂದೇ ಬರೆಯುತ್ತಿದ್ದೇನೆ. ಆದ್ದರಿಂದ ನಿಮಗೆ ಗೊತ್ತಿರುವುದನ್ನೂ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ವಿದ್ಯಾರಣ್ಯಪುರದ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಶುಭಕಾರ್ಯವಾದರೂ ಚಿಕ್ಕತಾಯಮ್ಮ ಬಂದು ಬಾಯಿಗೆ ಹಾಕಿಕೊಂಡು ನೋಡುವವರೆಗೆ ಹೂರಣ ರುಬ್ಬುತ್ತಿರಲಿಲ್ಲ. ಚಿಕ್ಕತಾಯಮ್ಮ ನನ್ನ ಅತ್ತೆ. ನಂಜನಗೂಡಿನ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವರು, ಓದು ಬರಹ ಅಷ್ಟಕ್ಕಷ್ಟೆ. ಬೆಲ್ಲ ಹಾಕಿ ಬೇಯಿಸಿದ ಬೇಳೆಯನ್ನು ಒಂದು ಚಿಟಿಕೆ ತೆಗೆದುಕೊಂಡು ನಾಲಿಗೆಯ ತುದಿಗೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು. ಸುತ್ತ ನಿಂತ ಹೆಂಗಸರೆಲ್ಲ ಗಪ್‌ಚಿಪ್. ಆಮೇಲೆ, "ಇನ್ನೊಂದ್ ಅಚ್ಚು ಬೆಲ್ಲ ಹಾಕು" ಎಂದೋ, "ಬೇಳೆ ಒಂದ್ ಕುದಿ ಜಾಸ್ತಿ ಬೆಂದ್ಬುಟ್ಟದೆ, ಪರ್ವಾಗಿಲ್ಲ ಬುಡು" ಎಂದೋ ತೀರ್ಪು. ಮೇಲಿನ ಕೋರ್ಟು ಅಂತ ಇರಲಿಲ್ಲ. ಪಕ್ಕದ ಮನೆಯ ಜಯಮ್ಮ ಅವರ ಮೂವತ್ತು ವರ್ಷದ ಗೆಳತಿ. "ನಮ್ ತಾಯಕ್ಕನ್ ನಾಲ್ಗೆ ಇರೋಗಂಟ ನಮ್ ಬೀದೀಲಿ ಊಟ ಕೆಡಕಿಲ್ಲ" ಎಂದು ಅವರು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು.

ನಾನು ಮಂಜುಳ, ಸೊಸೆ. ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ದಿನವಿಡೀ ಬೇರೆಯವರ ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ನೋಡುವವಳು. ಹಾಗಾಗಿ ನನಗೆ ಎಲ್ಲ ಗೊತ್ತು ಎಂಬ ಕೊಬ್ಬು — ಹೌದು, ಕೊಬ್ಬೇ, ಅದಕ್ಕೆ ಬೇರೆ ಹೆಸರಿಲ್ಲ.

ಆ ವರ್ಷ ಅತ್ತೆಗೆ ಶುಗರ್ ಇದೆ ಎಂದು ಗೊತ್ತಾಯಿತು. ಅವರ ರಕ್ತವನ್ನು ತೆಗೆದವಳೂ ನಾನೇ, ರಿಪೋರ್ಟು ತಂದುಕೊಟ್ಟವಳೂ ನಾನೇ. ಅದೇ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಕಣಕ ನಾದುವುದಿರಲಿ, ಸೌಟು ಹಿಡಿಯಲೂ ಆಗುತ್ತಿರಲಿಲ್ಲ. ಒಲೆ ನನ್ನ ಕೈಗೆ ಬಂತು.

ಹಾಗೆ ಬಂದದ್ದೇ ತಡ, ನಾನು ಶುರುಹಚ್ಚಿಕೊಂಡೆ. ಫೋನಿನಲ್ಲಿ ನೋಡಿ ನೋಡಿ ಕಲಿತ ಅಡುಗೆಗಳು — ಬೀಟ್‌ರೂಟ್ ಹಾಕಿದ ಕೇಸರಿಬಾತು, ಸೋರೆಕಾಯಿ ಪಾಯಸ, ಅಗಸೆಬೀಜದ ಉಂಡೆ. ಯುಗಾದಿಗೆ ಒಬ್ಬಟ್ಟು. ಬೇಳೆ ಅರ್ಧಕ್ಕರ್ಧ ಕಡಿಮೆ ಮಾಡಿ ಸಿಹಿಗುಂಬಳ ಬೇಯಿಸಿ ಹಾಕಿದೆ, ಗಟ್ಟಿಯಾಗಲಿ ಎಂದು ಓಟ್ಸ್ ಪುಡಿ, ಬೆಲ್ಲದ ಬದಲು ನಾಲ್ಕು ಖರ್ಜೂರ, ಬಣ್ಣಕ್ಕೆ ಮಾತ್ರ ಒಂದು ಚೂರು ಬೆಲ್ಲ. ನಿಮ್ಮ ಮಗನಿಗೆ ಅಡುಗೆಮನೆಯಲ್ಲೇ ಹೇಳಿದ್ದೆ. "ಅಮ್ಮನ ಒಳ್ಳೇದಕ್ಕೆ ತಾನೆ, ಮಾಡು" ಎಂದು ಅವರೂ ಸುಮ್ಮನಾದರು. ನಿಮಗೊಬ್ಬರಿಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ? ನೀವು ಬೇಡ ಎನ್ನುತ್ತೀರಿ ಎಂಬ ಭಯವೇ? ಅಲ್ಲ ಅತ್ತೆ. ಇವರಿಗೇನು ಗೊತ್ತಾಗುತ್ತೆ ಎಂಬ ಧಿಮಾಕು.

ಎಲೆಯ ಮುಂದೆ ಕೂತು ಎಡಗೈಯಿಂದಲೇ ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡಿರಿ. ಕಣ್ಣು ಮುಚ್ಚಿದಿರಿ.

"ಮಂಜು, ಇದೇನವ್ವ, ಬೆಲ್ಲ ಕಮ್ಮಿ ಆಗದಲ್ಲ. ಕುಂಬ್ಳಕಾಯ್ ವಾಸ್ನೆ ಬೇರೆ ಬತ್ತಾ ಅದೆ."

ಒಂದೇ ತುತ್ತಿಗೆ! ನನ್ನ ಇಡೀ ಬೆಳಗಿನ ಕಳ್ಳತನವನ್ನು ಒಂದೇ ತುತ್ತಿಗೆ ಹಿಡಿದುಬಿಟ್ಟಿರಿ. ಆಗಲೇ ನಕ್ಕು, "ಸಿಕ್ಕಿಬಿದ್ದೆ ಕಣತ್ತೆ" ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾನೂ ನಕ್ಕೆ — ಆದರೆ ನಿಮ್ಮನ್ನು ನೋಡಿ ನಕ್ಕೆ.

"ಕುಂಬಳಕಾಯಾ? ಒಬ್ಬಟ್ಟಿಗೆ ಯಾರಾದ್ರೂ ಕುಂಬಳಕಾಯಿ ಹಾಕ್ತಾರಾ ಅತ್ತೆ? ಬೆಲ್ಲ ಯಾವಾಗಿನ ಅಳತೇನೇ ಹಾಕಿದ್ದೀನಿ. ಶುಗರ್ ಬಂದೋರಿಗೆ ಸಿಹಿ ಗೊತ್ತಾಗಲ್ಲ. ನಿಮ್ಮ ನಾಲಿಗೆ ಕೆಟ್ಟಿದೆ, ಅಷ್ಟೆ."

ನೀವು ನನ್ನ ಮುಖವನ್ನೇ ನೋಡಿದಿರಿ. ಆಮೇಲೆ ನಿಮ್ಮ ಮಗನ ಮುಖ. ಅವರು ಎಲೆ ನೋಡುತ್ತಿದ್ದರು.

"ಅಂಗಾ..." ಎಂದಿರಿ. "ಲ್ಯಾಬ್ನವ್ಳು ನೀನು, ನೀನೇಳುದ್ ಮ್ಯಾಕೆ ಇರ್ಬೇಕು ಬುಡು."

ಅಷ್ಟು ಸುಲಭವಾಗಿ ನಂಬಿದಿರಿ. ಬೆಲ್ಲದಂಗಡಿಯವನ ಮಾತನ್ನು ಒಂದು ದಿನವೂ ನಂಬದ ನೀವು, ಬೀದಿಗೆಲ್ಲ ತೀರ್ಪು ಹೇಳುತ್ತಿದ್ದ ನೀವು, ನನ್ನ ಮಾತನ್ನು ನಂಬಿದಿರಿ. ಮಾರನೆಯ ದಿನ ನಾನು ಲ್ಯಾಬಿನವರ ವಾಟ್ಸ್ಯಾಪ್ ಗುಂಪಿಗೆ ಆ ಒಬ್ಬಟ್ಟಿನ ಫೋಟೊ ಹಾಕಿ, ಕೆಳಗೆ ಬರೆದೆ: ನಮ್ಮ ಅತ್ತೆಗೆ ಗೊತ್ತೇ ಆಗಲಿಲ್ಲ! ಎಲ್ಲರೂ ಚಪ್ಪಾಳೆಯ ಚಿತ್ರ ಕಳಿಸಿದರು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಆವತ್ತಿನಿಂದ ನೀವು ಸಾರಿನ ಉಪ್ಪಿಗೂ ನನ್ನನ್ನು ಕೇಳತೊಡಗಿದಿರಿ. "ಮಂಜು, ಉಪ್ಪು ಸರ್ಯಾಗದಾ? ನಂಗೆ ಸರ್ಯಾಗದೆ ಅನ್ನುಸ್ತದೆ, ನೀ ನೋಡು." ನಾನು ನೋಡಿ, ಸರಿಯಾಗಿದೆ ಎನ್ನುತ್ತಿದ್ದೆ. ನಿಮಗೆ ಸಮಾಧಾನವಾಗುತ್ತಿತ್ತು. ನನಗೆ ಒಳಗೆ ಎಲ್ಲೋ ಚುಚ್ಚುತ್ತಿತ್ತು, ಆದರೆ ಮುಂದಿನ ತಿಂಗಳ ರಿಪೋರ್ಟಿನಲ್ಲಿ ಸಕ್ಕರೆ ಇಳಿದಿತ್ತಲ್ಲ! ಆ ಕಾಗದ ಹಿಡಿದುಕೊಂಡು ನಾನು ಮನೆಯೆಲ್ಲ ಓಡಾಡಿದೆ. ನಿಮ್ಮ ಮಾತ್ರೆಯಿಂದ ಇಳಿಯಿತೋ ನನ್ನ ಕುಂಬಳಕಾಯಿಯಿಂದ ಇಳಿಯಿತೋ, ಯಾರಿಗೆ ಗೊತ್ತು.

ಇಲ್ಲಿಗೇ ನಿಂತಿದ್ದರೆ —

ನಿಲ್ಲಲಿಲ್ಲ. ವೈಶಾಖದಲ್ಲಿ ಜಯಮ್ಮನ ಮಗಳಿಗೆ ಮದುವೆ ಗೊತ್ತಾಗಿ ವೀಳ್ಯಶಾಸ್ತ್ರ ಬಂತು. ಬೀದಿಗೆ ಅಡ್ಡಲಾಗಿ ಶಾಮಿಯಾನ, ಹಿತ್ತಲಲ್ಲಿ ಒಲೆ, ದೊಡ್ಡ ಕೊಪ್ಪರಿಗೆಯಲ್ಲಿ ಬೇಳೆ ಬೆಲ್ಲ ಕುದಿಯುತ್ತಿತ್ತು. ನೀವು ಬರುವುದಿಲ್ಲ ಎಂದಿರಿ. "ನನ್ ನಾಲ್ಗೆ ಸತ್ತೋಗದೆ ಕಣೆ ಜಯಾ, ಬೇರೆ ಯಾರ್ಗಾದ್ರೂ ಏಳು" ಎಂದು ಬೇಡಿಕೊಂಡಿರಿ. ಜಯಮ್ಮ ಬಿಡಲಿಲ್ಲ. ಕೈ ಹಿಡಿದು ಎಳೆದುಕೊಂಡೇ ಹೋದರು. ನಾನೂ ಹಿಂದೆ ಹೋದೆ.

ಚಿಟಿಕೆ ತೆಗೆದುಕೊಂಡು ನಾಲಿಗೆಗೆ ಇಟ್ಟುಕೊಂಡಿರಿ. ಕಣ್ಣು ಮುಚ್ಚಿದಿರಿ. ಅತ್ತೆ, ನಿಮ್ಮ ಮುಖ ಅರಳಿದ್ದನ್ನು ನಾನು ನೋಡಿದೆ. ಎಷ್ಟೋ ದಿನದ ಮೇಲೆ ನಿಜವಾದ ಹೂರಣ ನಿಮ್ಮ ಬಾಯಿಗೆ ಬಿದ್ದಿತ್ತು. ಆಮೇಲೆ ಆ ಮುಖ ಮೆಲ್ಲಗೆ ಬಾಡಿತು. ಏನೋ ಲೆಕ್ಕ ಹಾಕಿ ನನ್ನ ಕಿವಿಯ ಹತ್ತಿರ ಬಂದಿರಿ.

"ಮಂಜು, ನಂಗೆ ಸರ್ಯಾಗದೆ ಅನ್ನುಸ್ತಾ ಅದೆ. ನನ್ ನಾಲ್ಗೆಗೆ ಸಿಹಿ ಕಮ್ಮಿ ಗೊತ್ತಾಯ್ತದೆ ಅಂದಿದ್ದೆ ನೀನು. ಅಂದ್ರೆ ನಂಗೇ ಸರಿ ಅನ್ನುಸ್ಬೇಕಾದ್ರೆ ಇದ್ರಲ್ಲಿ ಬೆಲ್ಲ ಜಾಸ್ತಿ ಆಗಿರ್ಬೇಕಲ್ವ?"

ಎಂಥ ಲೆಕ್ಕ! ಒಂದು ಸುಳ್ಳನ್ನು ನಂಬಿ, ಅದರ ಮೇಲೆ ಎಷ್ಟು ಪ್ರಾಮಾಣಿಕವಾಗಿ ಲೆಕ್ಕ ಹಾಕಿದ್ದಿರಿ. ನನ್ನ ಕೈಯಲ್ಲೂ ಒಂದು ಚಿಟಿಕೆ ಹೂರಣ ಇತ್ತು. ಬಾಯಿಗೆ ಹಾಕಿಕೊಂಡೆ. ಎಲ್ಲ ಹದವಾಗಿತ್ತು. ಒಂದೇ ಮಾತು ಸಾಕಿತ್ತು. ಆದರೆ ಸುತ್ತ ಹತ್ತು ಹೆಂಗಸರು, ಜಯಮ್ಮ ಸೌಟು ಹಿಡಿದು ಕಾಯುತ್ತಿದ್ದರು. ಈಗ ಬಾಯಿ ಬಿಟ್ಟರೆ ಕುಂಬಳಕಾಯಿಯ ಕಥೆ ಹೊರಗೆ ಬರುತ್ತೆ, ಬೀದಿಯೆಲ್ಲ ಆಡಿಕೊಳ್ಳುತ್ತೆ —

"ಹೂಂ ಅತ್ತೆ, ಇರಬಹುದು" ಎಂದೆ.

ಮೂರು ಪದ. ನೀವು ತಿರುಗಿ ಜಯಮ್ಮನಿಗೆ, ಇನ್ನೂ ಎರಡು ಸೇರು ಬೇಳೆ ಬೇಯಿಸಿ ಬೆರೆಸಲು ಹೇಳಿದಿರಿ. ಅವರು ಒಂದು ಸಲವೂ ಯಾಕೆ ಎನ್ನಲಿಲ್ಲ. ನಿಮ್ಮ ಮಾತಲ್ಲವೇ!

ಒಬ್ಬಟ್ಟು ಸಪ್ಪಗಾಯಿತು. ಗಂಡಿನ ಕಡೆಯವರು ಎಲೆಯಲ್ಲೇ ಬಿಟ್ಟು ಎದ್ದರು. ಒಬ್ಬರು ಯಾರೋ, "ಇದು ಒಬ್ಬಟ್ಟಾ, ಬೇಳೆ ಚಪಾತೀನಾ?" ಎಂದು ಕೇಳಿದ್ದಕ್ಕೆ ಪಂಕ್ತಿಯೆಲ್ಲ ನಕ್ಕಿತು. ಜಯಮ್ಮ ಅಡುಗೆಯ ಹಿತ್ತಲಿಗೆ ಬಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಆಮೇಲೆ ನಿಮ್ಮ ಎದುರು ನಿಂತರು.

"ಈ ಗಂಡ್ನ ಮೊದ್ಲು ನಿನ್ ತಮ್ಮನ್ ಮಗ್ಳಿಗೆ ಕೇಳಿದ್ರು, ಆಗ್ಲಿಲ್ಲ. ಅದ್ಕೇ ಅಲ್ವಾ ತಾಯಕ್ಕ? ಬೇಕಂತ್ಲೇ ಕೆಡುಸ್ಬುಟ್ಟೆ ಅಲ್ವಾ?"

ನೀವು ಏನು ಹೇಳುತ್ತೀರಿ? "ನನ್ ನಾಲ್ಗೆ ಸತ್ತೋಗದೆ" ಎಂದು ಮೊದಲೇ ಹೇಳಿದ್ದಿರಿ, ಯಾರೂ ಕೇಳಲಿಲ್ಲ. ನಾನು ನಿಮ್ಮ ಪಕ್ಕದಲ್ಲೇ ನಿಂತಿದ್ದೆ. ಲ್ಯಾಬಿನವಳು, ಎಲ್ಲ ಗೊತ್ತಿದ್ದವಳು, ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ.

ಆಮೇಲೆ ನಮ್ಮಿಬ್ಬರ ಮನೆಯ ನಡುವಿನ ಮೋಟುಗೋಡೆಯ ಮೇಲೆ ಸೊಪ್ಪಿನ ಕಟ್ಟು, ಹುಳಿಯ ಬಟ್ಟಲು ಓಡಾಡುವುದು ನಿಂತಿತು. ಬೀದಿಯವರು ಕರೆಯುವುದು ಬಿಟ್ಟರು. ಒಂದಿಬ್ಬರು ಕರೆದರೂ ನೀವು ಹೋಗಲಿಲ್ಲ. ಕೈ ಕೂಡಿಕೊಂಡ ಮೇಲೂ ಒಲೆಯ ಹತ್ತಿರ ಬರಲಿಲ್ಲ. ಹಬ್ಬದ ದಿನ ಹಜಾರದಲ್ಲಿ ಕೂತು ಬೀದಿ ನೋಡುತ್ತಿದ್ದಿರಿ.

ಇನ್ನೊಂದು ಉಳಿದಿದೆ. ಇದನ್ನು ನಿಮ್ಮ ಮಗನಿಗೂ ಹೇಳಿಲ್ಲ. ಆ ವರ್ಷದ ಗೌರಿ ಹಬ್ಬಕ್ಕೆ ಕೃಷ್ಣಮೂರ್ತಿಪುರದಿಂದ ನನ್ನ ಅಮ್ಮ ಒಬ್ಬಟ್ಟು ಕೊಟ್ಟು ಕಳಿಸಿದ್ದರು, ಬೆಲ್ಲ ತುಪ್ಪ ಹಾಕಿದ ಒಬ್ಬಟ್ಟು. ನಾನು ಸ್ನಾನಕ್ಕೆ ಹೋಗಿದ್ದಾಗ ನೀವು ಡಬ್ಬಿ ತೆಗೆದು ಒಂದು ತುಂಡು ತಿಂದಿದ್ದಿರಿ. ನಾನು ಹೊರಗೆ ಬರುವುದಕ್ಕೂ ನೀವು ಓಡಿಬರುವುದಕ್ಕೂ ಸರಿಹೋಯಿತು. ಮಂಡಿನೋವಿನ ನೀವು ಓಡಿಬಂದಿರಿ!

"ಮಂಜು, ನನ್ ನಾಲ್ಗೆ ವಾಪಸ್ ಬಂದ್ಬುಡ್ತು ಕಣವ್ವ! ಬೆಲ್ಲ ಗೊತ್ತಾಯ್ತಾ ಅದೆ, ಏಲಕ್ಕಿ ಗೊತ್ತಾಯ್ತಾ ಅದೆ. ನಿಮ್ಮವ್ವ ಒಂಚೂರು ಜಾಯ್ಕಾಯಿ ಹಾಕವ್ರೆ, ಅಲ್ವಾ? ಕೇಳು ಬೇಕಾದ್ರೆ!"

ಹಾಕಿದ್ದರು, ಅತ್ತೆ. ಆಮೇಲೆ ಫೋನ್ ಮಾಡಿ ಕೇಳಿದೆ. ಹಾಕಿದ್ದರು.

ನಿಮ್ಮ ಕಣ್ಣಲ್ಲಿ ನೀರಿತ್ತು. ದೇವರು ನನಗೆ ಕೊಟ್ಟ ಕೊನೆಯ ಅವಕಾಶ ಅದು. ನಾನೇನು ಮಾಡಿದೆ? ಡಬ್ಬಿ ಕಿತ್ತುಕೊಂಡೆ. "ಅಮ್ಮ ಸಕ್ಕರೇನೂ ಸುರಿದು ಮಾಡಿರ್ತಾರೆ ಅತ್ತೆ, ಅದಕ್ಕೆ ನಿಮಗೂ ಗೊತ್ತಾಗಿದೆ. ಹಿಂಗೆಲ್ಲ ಕದ್ದು ತಿನ್ನಬೇಡಿ" ಎಂದೆ. ಕದ್ದು ತಿನ್ನಬೇಡಿ ಎಂದೆ, ನಿಮ್ಮ ನಾಲಿಗೆಯನ್ನೇ ಕದ್ದ ನಾನು. ನೀವು ಸೆರಗಿನಿಂದ ಬಾಯಿ ಒರೆಸಿಕೊಂಡು, ಮಕ್ಕಳ ಹಾಗೆ, "ತಪ್ಪಾಯ್ತು ಕಣವ್ವ" ಎಂದಿರಿ. ಈ ಮಾತು ನೆನಪಾದಾಗಲೆಲ್ಲ ನನಗೆ ಅನ್ನ ಇಳಿಯುವುದಿಲ್ಲ.

ಆ ಸಂಕ್ರಾಂತಿಗೆ ಮುಂಚೆ ನಿಮ್ಮ ಎದೆಬಡಿತ ನಿಂತಿತು. ಎಳ್ಳುಬೆಲ್ಲದ ಬೆಲ್ಲ ಹೆಚ್ಚಲು ನೀವಿರಲಿಲ್ಲ. ಜಯಮ್ಮ ಬಂದರು, ಆದರೆ ಒಳಗೆ ಬರಲಿಲ್ಲ. ಗೇಟಿನ ಹತ್ತಿರ ನಿಂತು ನೋಡಿ ಹೋದರು.

ಕುಂಬಳಕಾಯಿಯದೇನೂ ತಪ್ಪಿಲ್ಲ. ಬೆಲ್ಲ ಕಮ್ಮಿ ತಿನ್ನಬೇಕೆಂದದ್ದೂ ತಪ್ಪಲ್ಲ. ಲ್ಯಾಬಿಗೆ ಬರುವವರಿಗೆ ಇವತ್ತೂ ನಾನು ಅದನ್ನೇ ಹೇಳುತ್ತೇನೆ. ಆದರೆ ನಿಮಗೆ ಹೇಳಿ ಮಾಡಿದ್ದರೆ? ನೀವು ಮೊದಲು ಮೂಗು ಮುರಿಯುತ್ತಿದ್ದಿರಿ. ಆಮೇಲೆ, "ಕುಂಬ್ಳಕಾಯ್ಗೆ ಏಲಕ್ಕಿ ಸಾಲ್ದು, ಒಣಶುಂಠಿ ಹಾಕು. ನೀರು ಬತ್ತಗಂಟ ಹುರಿ" ಎಂದು ಹತ್ತು ಸಲ ಮಾಡಿಸಿ, ಅದನ್ನೂ ಒಂದು ಹದಕ್ಕೆ ತರುತ್ತಿದ್ದಿರಿ. ಬೀದಿಯಲ್ಲಿ ಶುಗರ್ ಇರುವವರೆಲ್ಲ ಅದನ್ನು ಕೇಳಿಕೊಂಡು ಬರುತ್ತಿದ್ದರು. ನಿಮ್ಮ ನಾಲಿಗೆ ಬೇಕಾಗಿದ್ದ ಕೆಲಸ ಅದು. ನಾನು ಆ ನಾಲಿಗೆಯನ್ನೇ...

ಇವತ್ತು ಮಹಾಲಯ ಅಮಾವಾಸ್ಯೆ. ಹಿರಿಯರಿಗೆ ಎಡೆ. ಹೋದ ವರ್ಷ ಹೂರಣ ಮುಟ್ಟಲು ಕೈ ಬರದೆ ಅಂಗಡಿಯ ಒಬ್ಬಟ್ಟು ತಂದಿಟ್ಟಿದ್ದೆ. ಈ ವರ್ಷ ಬೆಳಗ್ಗೆ ಎದ್ದವಳೇ ಮೊದಲು ಜಯಮ್ಮನ ಮನೆಗೆ ಹೋದೆ. ಅವರು ಸೊಪ್ಪು ಬಿಡಿಸುತ್ತಿದ್ದರು. ಕೂತುಕೊಳ್ಳದೆ, ನಿಂತೇ, ಎಲ್ಲ ಹೇಳಿದೆ — ಯುಗಾದಿ, ಕುಂಬಳಕಾಯಿ, ನಿಮ್ಮ ಲೆಕ್ಕ, ನನ್ನ "ಹೂಂ". ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಅವರು ಸೊಪ್ಪಿನ ಕಡ್ಡಿಯನ್ನೇ ಮುರಿಯುತ್ತಿದ್ದರು.

"ನಂಗೇಳಿ ಏನಾಯ್ತದವ್ವ ಈಗ? ಅವ್ಳಿಗೇಳ್ಬೇಕಾಗಿತ್ತು" ಎಂದರು. ಆಮೇಲೆ, "ನಾನೂ ಒಂದ್ ಮಾತ್ ಕೇಳ್ಬೇಕಾಗಿತ್ತು. ಮೂವತ್ತೊರ್ಸ... ನನ್ ತಾಯಕ್ಕ ಅಂಥವ್ಳಲ್ಲ ಅಂತ ನಂಗೇ ಗೊತ್ತಿರ್ಬೇಕಾಗಿತ್ತು" ಎಂದು ಜೋರಾಗಿ ಅತ್ತುಬಿಟ್ಟರು. ಅವರ ದುಃಖವೂ ನಾನು ಕೊಟ್ಟದ್ದೇ. ಅವರಿಗೆ ಸಮಾಧಾನ ಹೇಳುವ ಯೋಗ್ಯತೆ ನನಗಿರಲಿಲ್ಲ. ಹಾಗೇ ಹೊರಟು ಬಂದೆ.

ಈಗ ಒಬ್ಬಟ್ಟು ತಟ್ಟಿ ಮುಗಿದಿದೆ. ನಿಮ್ಮ ಫೋಟೊದ ಮುಂದೆ ಎಲೆ ಹಾಕಿದ್ದೇನೆ. ಎಡೆಗೆ ಇಡುವ ಅಡುಗೆಯ ರುಚಿ ಮೊದಲೇ ನೋಡುವಂತಿಲ್ಲ, ನೀವೇ ಕಲಿಸಿದ್ದು. ನಾನು ನೋಡಿಲ್ಲ. ಬೇಳೆ ಬೇಳೆಯೇ, ಬೆಲ್ಲ ಬೆಲ್ಲವೇ, ಬೇರೆ ಏನೂ ಹಾಕಿಲ್ಲ. ಹದ ಬಂದಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಮೊದಲ ತುಂಡು ನಿಮ್ಮದು. ಬೆಲ್ಲ ಕಮ್ಮಿ ಅನ್ನಿಸಿದರೆ ಕಮ್ಮಿಯೇ ಆಗಿದೆ ಅತ್ತೆ. ನಿಮಗೆ ಅನ್ನಿಸಿದ್ದೇ ಸರಿ.