ಬಡಿ ಎಂಬ ಎರಡಕ್ಷರ

ಎರಡು ಭಾಷೆಗಳ ನಡುವೆ ಮನೆ ಕಟ್ಟಿಕೊಂಡವರ ಕಿವಿಗೆ ಬಿಡುವೆಂಬುದಿಲ್ಲ. ತೆಲಂಗಾಣದ ಗಡಿಯ ನಮ್ಮ ಮಕ್ತಲ್ ಕಡೆ ಒಂದು ಮಾತು ಬಿದ್ದೊಡನೆ, ಇದು ಕನ್ನಡದ್ದೋ ತೆಲುಗಿನದ್ದೋ ಎಂದು ವಿಚಾರಿಸಿಕೊಂಡೇ ಒಳಗೆ ಬಿಟ್ಟುಕೊಳ್ಳಬೇಕು. ಸಂತೆಯಲ್ಲಿ ಒಂದು ಭಾಷೆಯಲ್ಲಿ ಚೌಕಾಸಿಗಿಳಿದು, ಇನ್ನೊಂದರಲ್ಲಿ ಜಗಳವಾಡಿ, ದಖನಿ ಉರ್ದುವಿನಲ್ಲಿ ರಾಜಿಯಾಗುವ ನಾನು ಈ ವಿದ್ಯೆಯಲ್ಲಿ ಪಾರಂಗತನೆಂದು ಬಹುಕಾಲ ಬೀಗುತ್ತಿದ್ದೆ. ಹಾಗೆ ಬೀಗಿ ಬೀಗಿ ಹಾಕಿಕೊಂಡಿದ್ದ ಬೀಗವನ್ನು ತೆರೆದದ್ದು, ಓದುಗ ಮಹಾಶಯರೇ, ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ಒಂದು ಕೂಸು.

ನಮ್ಮ ಓಣಿಯ ಅಂಗನವಾಡಿ ಟೀಚರ್ ಭಾಗ್ಯಮ್ಮ ಒಂದು ಸಂಜೆ ಮನೆಗೆ ಬಂದು ಅತ್ತರು. ಮಕ್ಕಳನ್ನು ಹೊಡೆಯುತ್ತಾರೆಂದು ಅವರ ಮೇಲೆ ಫಿರ್ಯಾದು ಹೋಗಿತ್ತು. ನಿಜವೆಂದಾದರೆ ಕೆಲಸವೇ ಹೋಗುತ್ತಿತ್ತು. ಫಿರ್ಯಾದು ಕೊಟ್ಟವರು ಈರಮ್ಮ. ಮಗ-ಸೊಸೆ ದುಡಿಯಲು ಪುಣೆಗೆ ಹೋದಾಗ, ಮೊಮ್ಮಗಳನ್ನು ನೋಡಿಕೊಳ್ಳಲೆಂದು ರಾಯಚೂರು ಸೀಮೆಯ ಹಳ್ಳಿಯಿಂದ ಹೊಸದಾಗಿ ಬಂದ, ತೆಲುಗಿನ ಗಾಳಿ ಇನ್ನೂ ಸೋಕದ ಅಜ್ಜಿ. ಕೂಸಿನ ಮೊಣಕಾಲು ತರಚಿತ್ತು. ಟೀಚರ್ ಏನಂತಾಳೆಂದು ಅಜ್ಜಿ ಕೇಳಿದರೆ, “ದಿನಾ ಬಡಿ, ಬಡಿ ಅಂತಾಳ” ಎಂದಿತ್ತು. ಎರಡನೆಯ ಓಣಿ ಮುಟ್ಟುವಷ್ಟರಲ್ಲಿ ಆ ಪದ ಕಳಚಿಹೋಗಿ, ಹೊಡೆಯುತ್ತಾಳಂತೆ ಎಂಬ ಸುದ್ದಿ ಮಾತ್ರ ಉಳಿದಿತ್ತು. ಉಳಿದ ತಾಯಂದಿರೂ ಮಕ್ಕಳನ್ನು ಕಳಿಸುವುದನ್ನು ನಿಲ್ಲಿಸಿದರು.

“ನನ್ನ ಪರ ನಾಕ್ ಮಾತು ಹೇಳ್ರಿ ಸರ. ನಿಮ್ಮ ಮಾತು ಕೇಳ್ತಾರ್ರಿ” ಎಂದರು ಭಾಗ್ಯಮ್ಮ. ನನ್ನ ಮಾತನ್ನು ನನ್ನ ಮನೆಯಲ್ಲೇ ಯಾರೂ ಕೇಳುವುದಿಲ್ಲವೆಂಬುದು ಪಾಪ ಅವರಿಗೆ ತಿಳಿಯದು. ವಕಾಲತ್ತು ಎಂದರೆ ಸಣ್ಣ ಕೆಲಸವೇ? ಶೈಶವವೆಂಬ ಬೀಜಾವಸ್ಥೆ, ಆದ್ಯ ಗುರುವಿನ ಮಹಿಮೆ ಎಂದೆಲ್ಲ ಭಾರಿ ಪದಗಳನ್ನು ಹೊಂಚಿಕೊಂಡು, ಕನ್ನಡಿಯ ಮುಂದೆ ಕೆಮ್ಮಿ ಕೆಮ್ಮಿ ಅಭ್ಯಾಸ ಮಾಡಿದೆ.

ಮರುದಿನ ಅಂಗನವಾಡಿಯ ಎದುರಿನ ಬೇವಿನಕಟ್ಟೆಯ ಬಳಿ ಓಣಿಯೆಲ್ಲ ಸೇರಿತು. ಫಿರ್ಯಾದು ವಿಚಾರಿಸಲು ಇಲಾಖೆಯ ಮೇಲ್ವಿಚಾರಕಿಯೂ ಬಂದರು. ನಾನು ಗಂಟಲು ಸರಿಪಡಿಸಿಕೊಂಡು ‘ಮಾನ್ಯರೇ’ ಎನ್ನುವಷ್ಟರಲ್ಲಿ ಈರಮ್ಮ ಮೊಮ್ಮಗಳನ್ನು ಮುಂದೆ ನಿಲ್ಲಿಸಿದರು. “ಬಡಿ ಅಂದ್ಯಲ್ಲ ಕೂಸ, ಎಲ್ಲಿ? ಎಲ್ಲಾರಿಗೂ ತೋರ್ಸವ್ವ.”

ಕೂಸು ನಮಗೆ ಬೆನ್ನು ತಿರುಗಿಸಿತು. ಬಾಸುಂಡೆ ಕಾಣುವುದೆಂದು ನಾವೆಲ್ಲ ಬಗ್ಗಿದೆವು. ಭಾಗ್ಯಮ್ಮ ಕಣ್ಣು ಮುಚ್ಚಿಕೊಂಡರು. ಕೂಸು ಕೈಯೆತ್ತಿ, ಬಣ್ಣದ ಗೋಡೆಯ ಅಂಗನವಾಡಿಯನ್ನು ತೋರಿಸಿ, “ಅದೇ ಬಡಿ!” ಎಂದಿತು.

ತೆಲುಗಿನಲ್ಲಿ ಬಡಿ ಎಂದರೆ ಶಾಲೆ. ಬೆಳಗಾದರೆ ‘ಬಡಿ, ಬಡಿ’ ಎಂದು ಕೂಗುತ್ತಲೇ ಭಾಗ್ಯಮ್ಮ ಓಣಿಯ ಮಕ್ಕಳನ್ನು ಕೂಡಿಸಿಕೊಂಡು ಹೋಗುತ್ತಾರೆ. ಅದನ್ನು ನಿತ್ಯ ಕೇಳುವ ನಮ್ಮಲ್ಲೊಬ್ಬರಿಗೂ, ಈರಮ್ಮ ಬಡಿ ಎಂದಾಗಲೂ, ಹೊಳೆದಿರಲಿಲ್ಲ. ಮೊಣಕಾಲು ನಾಯಿಮರಿಯ ಹಿಂದೆ ಓಡಿ ಬಿದ್ದು ತರಚಿದ್ದೆಂದೂ ಕೂಸೇ ಹೇಳಿತು. ಕಟ್ಟೆಯ ತುಂಬ ನಗು. ನನಗಂತೂ ಎರಡು ಪಟ್ಟು ಸಮಾಧಾನ: ಭಾಗ್ಯಮ್ಮನ ಕೆಲಸ ಉಳಿಯಿತು, ಊರು ನನ್ನ ಭಾಷಣದಿಂದ ಉಳಿಯಿತು.

“ಫಿರ್ಯಾದು ಖಾರಿಜ್” ಎಂದು ಮೇಲ್ವಿಚಾರಕಿ ಎದ್ದರು. ಭಾಗ್ಯಮ್ಮ ಏಳಲಿಲ್ಲ. “ನಾ ಬಡದಿಲ್ಲ ಅಂತ ಎಲ್ಲಾರಿಗೂ ಗೊತ್ತಾತು. ನಾ ಕಲಸ್ತೀನಿ ಅನ್ನೂದು ಯಾವಾಗ ಗೊತ್ತಾಗತೈತ್ರಿ?” ಎಂದರು. ನಗು ನಿಂತಿತು. ಊರಿನ ಲೆಕ್ಕದಲ್ಲಿ ಅವರು ಮೊಟ್ಟೆ ಹಂಚುವವರು, ಅಷ್ಟೇ.

ಮರುದಿನ ಈರಮ್ಮ ಮೊಮ್ಮಗಳ ಜೊತೆ ತಾವೂ ಒಳಗೆ ಹೋಗಿ ಮಕ್ಕಳ ಚಾಪೆಯ ಮೇಲೆ ಕುಳಿತವರು ಮಧ್ಯಾಹ್ನದವರೆಗೂ ಏಳಲಿಲ್ಲವಂತೆ. ಆಮೇಲೊಂದು ದಿನ ಕಿರಾಣಿ ಅಂಗಡಿಯ ಮುಂದೆ ಯಾರೋ, “ತತ್ತಿ ಹಂಚಾಕ ಟೀಚರ್ ಯಾಕ ಬೇಕು?” ಎಂದರು. ನಾನು ಬಾಯಿ ತೆರೆಯುವ ಮೊದಲೇ ಈರಮ್ಮ ತಿರುಗಿ ನಿಂತರು.

“ಅಪ್ಪ-ಅವ್ವನ ಬಿಟ್ಟ ಕೂಸು, ನನ್ನ ಕೂಡ ಸರಿಯಾಗಿ ಮಾತಾಡ್ತಿದ್ದಿಲ್ಲ. ಈಗ ನನ್ನ ತಲಿ ತಟ್ಟಕೋತ, ನನ್ನ ಮಲಗಸಾಕ ಹಾಡು ಹೇಳತೈತಿ. ಅದನ್ನ ಕಲಿಸಿದಾಕಿ ಟೀಚರ್ ಅಲ್ಲಂದ್ರ ಮತ್ಯಾರ್ರೀ?”