ಸಿಪ್‌ಗೆ ಸಲ್ಲದ ದವಡೆ

ಆ ಜಿಂಕೆಯ ತಲೆ ತನಗೇ ಸೇರಬೇಕಿತ್ತು ಎಂಬ ಮಾತನ್ನು ಕಸಿಯಾನೊ ಪೂತ್ ಹನ್ನೊಂದು ವರ್ಷವಾದರೂ ನುಂಗಿಕೊಂಡಿರಲಿಲ್ಲ. ಯಾರು ಬೇಟೆಯ ಸುದ್ದಿ ತೆಗೆದರೂ ಅವನ ಕಿವಿ ಕೆಂಪಾಗುತ್ತಿತ್ತು.

ಕಸಿಯಾನೊ ಯುಕಾತಾನಿನ ಮಾಯಾ ರೈತ. ಗೋವಿನಜೋಳದ ಹೊಲ, ಇಪ್ಪತ್ತು ಜೇನುಪೆಟ್ಟಿಗೆ, ಒಂಟಿ ನಳಿಗೆಯ ಕೋವಿ, ಮೂಗಿನ ತುದಿಯಲ್ಲಿ ಕೋಪ. ಇಷ್ಟೇ ಅವನ ಆಸ್ತಿ.

ಅವರಲ್ಲಿ ಬೇಟೆ ಎಂದರೆ ಹತ್ತು ಹನ್ನೆರಡು ಜನರ ಕೆಲಸ. ಅರ್ಧ ಜನ ನಾಯಿಗಳ ಜೊತೆ ಕೂಗುತ್ತ ಕಾಡು ಸೋಯುತ್ತ ಅಡಗಿದ ಜಿಂಕೆಯನ್ನು ಓಡಿಸುತ್ತಾರೆ. ಉಳಿದವರು ಆಚೆ ಕೋವಿ ಹಿಡಿದು ಸಾಲಾಗಿ ಕಾಯುತ್ತಾರೆ. ಮಾಂಸ ಎಲ್ಲರಿಗೂ ಸಮ, ನಾಯಿಗೂ ಪಾಲುಂಟು. ತಲೆ ಮತ್ತು ಚರ್ಮ ಮಾತ್ರ ಮೊದಲ ಗುಂಡಿನವನದು. ಅವನು ಕೆಳದವಡೆಯನ್ನು ಕಾಡಿನ ಗುಹೆಗೆ ಒಯ್ದು ತೂಗುಹಾಕಿ, ಜಿಂಕೆಗಳ ಒಡೆಯ ಸಿಪ್‌ಗೆ ಅಂಬಲಿ ಇಟ್ಟು ಒಪ್ಪಿಸಬೇಕು. ಎಲುಬು ಮರಳಿದರೇ ಸಿಪ್ ಇನ್ನೊಂದನ್ನು ಬಿಡುವುದು.

ಆ ಜಿಂಕೆ ಬಿದ್ದ ದಿನ ಎರಡು ಕೋವಿ ಒಟ್ಟಿಗೇ ಹಾರಿದವು. ಒಂದು ಕಸಿಯಾನೊನದು, ಇನ್ನೊಂದು ಎರ್ಮಿಲೊ ಕಾಮಲನದು. ಎರ್ಮಿಲೊ ಪರಕೀಯನಲ್ಲ, ಕಸಿಯಾನೊನ ಮಗಳ ಜ್ಞಾನಸ್ನಾನದಲ್ಲಿ ಧರ್ಮಪಿತನಾಗಿ ನಿಂತವನು, ಆ ನಂಟಿನಿಂದ ಇವನಿಗೆ ಕೊಂಪಾದ್ರೆ, ಕರೆಯುವಾಗ ಕೊಂಪಾ.

"ಮೊದಲು ತಗುಲಿದ್ದು ಯಾರ್ದಪ್ಪಾ?" ಎಂದು ಬೇಟೆಯ ಹಿರಿಯ ಕೇಳಿದ.

"ನಂದು," ಎಂದ ಎರ್ಮಿಲೊ.

ತನ್ನ ಗುಂಡು ಬಿದ್ದ ಕುತ್ತಿಗೆಯ ಗಾಯ ತೋರಿಸಿ ಎರಡು ಮಾತಾಡಿದ್ದರೆ ಮುಗಿಯುತ್ತಿತ್ತು. ಕಸಿಯಾನೊ ಟೋಪಿಯನ್ನು ನೆಲಕ್ಕೆ ಬಡಿದು, ತನ್ನ ಪಾಲಿನ ಮಾಂಸವನ್ನೂ ಬಿಟ್ಟು ಮನೆಗೆ ನಡೆದ.

"ತಲೆ ಹೋದ್ರೆ ಹೋಯ್ತು, ನಿನ್ ಪಾಲಾದ್ರೂ ತರಬಾರ್ದಾ? ಮಸಾಲೆ ಅರೆದಿಟ್ಟು ಕೂತಿದೀನಿ," ಎಂದಳು ಹೆಂಡತಿ ಎಲ್ವಿಯಾ. "ಈಗೇನು, ನಿನ್ ಕೋಪ ಬೇಯಿಸ್ಲಾ?"

ಅಲ್ಲಿಂದಾಚೆಗೆ ಒಂದೂ ಜಿಂಕೆ ಅವನ ಗುಂಡಿಗೆ ಬೀಳಲಿಲ್ಲ. ಎದುರಿಗೆ ಬಂದಾಗ ತೋಟಾ ಹಾರದು. ಹಾರಿದರೆ ಮರಕ್ಕೆ ಬಡಿಯುವುದು. ಕಸಿಯಾನೊನಿಗೆ ಕಾರಣ ಗೊತ್ತಿತ್ತು. ಕೊಂದವನು ತಾನು, ಎಲುಬು ಒಪ್ಪಿಸಬೇಕಾದವನೂ ತಾನು. ಎಲುಬು ಒಯ್ದವನು ಎರ್ಮಿಲೊ. ಅದು ಕೈಗೆ ಬಾರದೆ ತನ್ನ ಕೋವಿಗೆ ಬೇಟೆಯಿಲ್ಲ. ಹೋಗಿ ಕೇಳಲು ಮಾತ್ರ ನಾಲಿಗೆ ಏಳಲಿಲ್ಲ.

ಕಳೆದ ಕೊಯ್ಲಿನಲ್ಲಿ ಎರ್ಮಿಲೊ ತಾನಾಗಿಯೇ ಹೊಲಕ್ಕೆ ಬಂದು ಬದುವಿನ ಮೇಲೆ ಕೂತ.

"ಕೊಂಪಾ, ಅವತ್ತು ಮೊದಲು ತಗುಲಿದ್ದು ನಿಂದೇ. ಅದು ಬೀಳ್ತಿರೋವಾಗ ನಂದು ತೊಡೆಗೆ ತಾಗ್ತು."

"ಇದನ್ನ ಹೇಳಕ್ಕೆ ಹನ್ನೊಂದು ವರ್ಷ ಬೇಕಾಯ್ತಾ? ಆಮೆ ಕಣೋ ನೀನು."

"ನಿನ್ನ ಮುಖ ನೋಡಿದ್ರೆ ಯಾರಿಗ್ ಧೈರ್ಯ ಬರುತ್ತೆ?"

"ದವಡೆ ಎಲ್ಲಿ?"

"ಗುಹೆ ತನಕ ತಗೊಂಡ್ಹೋದೆ. ನಿಮ್ಮೆಲ್ಲರ ಮುಂದೆ ಸುಳ್ಳು ಹೇಳ್ಬಿಟ್ಟೆ, ಸಿಪ್ ಮುಂದೆ ಬಾಯೇ ಬರ್ಲಿಲ್ಲ. ವಾಪಸ್ ತಂದು ಸೂರಿನ ಗರಿಗೆ ಸಿಕ್ಕಿಸಿಟ್ಟಿದ್ದೆ."

"ಹೋಗು, ತಗೊಂಬಾ."

"ಚಂಡಮಾರುತದಲ್ಲಿ ಸೂರೇ ಹಾರ್ಹೋಯ್ತಲ್ಲ ಕೊಂಪಾ."

ಕಸಿಯಾನೊ ಮಚ್ಚನ್ನು ನೆಲಕ್ಕೆ ನೆಟ್ಟ. ಬಾಯಿಗೆ ಬಂದ ಬೈಗುಳವನ್ನೆಲ್ಲ ಬೈದ. ಬೈದು ಸಾಕಾದ ಮೇಲೆ ತನ್ನ ಸೋರೆಬುರುಡೆಯ ನೀರನ್ನೇ ಅವನಿಗೆ ಕುಡಿಸಿದ.

ಮರುದಿನ ಬೆಳಿಗ್ಗೆ ಇಬ್ಬರೂ ಗುಹೆಗೆ ಹೋದರು. ಒಳಗೆ ಊರಿನವರ ದವಡೆಗಳು ಸಾಲಾಗಿ ತೂಗುತ್ತಿದ್ದವು. ಕಸಿಯಾನೊ ಅಂಬಲಿ ಇಟ್ಟು, "ಒಡೆಯಾ, ಹೊಡೆದೋನು ನಾನು. ಎಲುಬು ಕಳೆದೋಗಿದೆ," ಎಂದ. ಎರ್ಮಿಲೊ ತಲೆ ತಗ್ಗಿಸಿ ನಿಂತಿದ್ದ.

ಹಿಂತಿರುಗುವಾಗ ಇಪ್ಪತ್ತು ಹೆಜ್ಜೆ ದೂರದಲ್ಲಿ ಒಂದು ಗಂಡು ಜಿಂಕೆ ಚಿಗುರು ಮೇಯುತ್ತಿತ್ತು. ತಲೆಯೆತ್ತಿ ನೋಡಿತು. ನೊಣ ಓಡಿಸಲು ಕಿವಿ ಅಲುಗಿಸಿ ಮತ್ತೆ ಮೇಯತೊಡಗಿತು.

"ಹೊಡಿ ಕೊಂಪಾ," ಎಂದು ಎರ್ಮಿಲೊ ಪಿಸುಗುಟ್ಟಿದ.

ಕಸಿಯಾನೊನ ಕೋವಿ ಹೆಗಲಿನಿಂದ ಇಳಿಯಲಿಲ್ಲ. "ಕೊಡೋದು ಕೊಟ್ಟಿಲ್ಲ, ಇನ್ನೊಂದನ್ನ ಯಾವ ಬಾಯಲ್ಲಿ ಕೇಳ್ಲಿ?"

ಜಿಂಕೆ ಸಾವಕಾಶವಾಗಿ ಪೊದೆಯೊಳಗೆ ಹೋಯಿತು. ಈಗ ಊರಿನವರು ಬೇಟೆಗೆ ಹೊರಟಾಗ ಕಸಿಯಾನೊ ಕೋವಿಯ ಸಾಲಿನಲ್ಲಿ ನಿಲ್ಲದೆ ನಾಯಿಗಳ ಹಿಂದೆ ಕೂಗುತ್ತ ಕಾಡು ಸೋಯುತ್ತಾನೆ. ಸಿಪ್‌ನ ಎಲುಬು ಇವತ್ತಿಗೂ ಬಾಕಿ.