ಹಡಗಿನ ಕೋಣೆಯ ಚೆಕ್ಕುಬಂದಿ

ಮೂವತ್ತನಾಲ್ಕು ವರ್ಷ ಸರ್ಕಾರದ ಸರಪಳಿ ಹಿಡಿದು ಕಂಡವರ ಹೊಲ ಅಳೆದವನು ನಾನು. ಯಾವ ತುಂಡು ಜಾಗ ಕಂಡರೂ ಅದರ ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿಗೂ ಏನೇನಿದೆ ಎಂಬ ಗಡಿವಿವರ, ತಾನಾಗಿ ಬಾಯಿಗೆ ಬರುತ್ತದೆ. ಹೀಗಾಗಿ ಸೂಪರ್ ಮಾರ್ಕೆಟ್ ಹತ್ತಿರದ ಟಿಕೆಟ್ ಅಂಗಡಿಯಲ್ಲಿ ಹಡಗಿನ ನಕ್ಷೆಯನ್ನು ನನ್ನ ಮುಂದೆ ಹರಡಿದಾಗ ನಾನು ಕೇಳಿದ ಮೊದಲ ಪ್ರಶ್ನೆ, ಈ ಕೋಣೆಯ ಕಿಟಕಿ ಯಾವ ದಿಕ್ಕಿಗಿದೆ ಎಂಬುದು.

ಅಂಗಡಿಯ ಯಜಮಾನರು ಗಡ್ಡ ನೀವಿಕೊಂಡರು. ಹೆಚ್ಚುಕಡಿಮೆ ನನ್ನ ವಯಸ್ಸಿನವರು. ಜೀವಮಾನವಿಡೀ ಉಮ್ರಾ ಯಾತ್ರೆಗೆ ಜನರನ್ನು ಕಳಿಸಿದವರು. ಹಡಗಿನ ವ್ಯವಹಾರ ಅವರಿಗೂ ಹೊಸದು.

“ಸಾಹೇಬ್ರ, ಜಹಾಜು ತಿರುಗಿದಂಗ ಕಿಟಕೀನೂ ತಿರುಗ್ತದ್ರೀ. ಮುಂಜಾನಿ ಪೂರ್ವ ಇದ್ದದ್ದು ಸಂಜಿಗಿ ಪಶ್ಚಿಮ. ನಾ ಏನಂತ ಬರದು ಕೊಡ್ಲಿ?”

ಗಡಿಗಳೇ ತಿರುಗಾಡುವ ಆಸ್ತಿ ನನ್ನ ಸೇವಾವಧಿಯಲ್ಲಿ ಒಮ್ಮೆಯೂ ಎದುರಾಗಿರಲಿಲ್ಲ. ವಿಷಯದ ಗಾಂಭೀರ್ಯಕ್ಕೆ ತಕ್ಕಂತೆ ನಕ್ಷೆಯನ್ನೇ ಒಂದು ಸುತ್ತು ತಿರುಗಿಸಿ ನೋಡಿದೆ. ಪಕ್ಕದ ಕುರ್ಚಿಯಲ್ಲಿದ್ದ ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

“ಇವರಿಗಿ ಕೇಳ್ಕೋತ ಕೂಡಬ್ಯಾಡ್ರೀ ಅಣ್ಣಾರ,” ಅಂದಳು. “ದೊಡ್ಡ ಕಿಟಕಿ ಇದ್ದದ್ದು ಒಂದು ಕೊಡ್ರಿ. ದಿಕ್ಕು ನಾವು ಹೋಗಿ ನೋಡ್ಕೋತೀವಿ.”

ಹಡಗು ಅವಳದೇ ವಿಚಾರ. ಪ್ರಾಥಮಿಕ ಶಾಲೆಯ ಕಪ್ಪುಹಲಗೆಯ ಮೇಲೆ ನೀಲಿ ಸುಣ್ಣದಕಡ್ಡಿಯಿಂದ ಎಷ್ಟೋ ವರ್ಷ ಸಮುದ್ರ ಬರೆದವಳು, ನಿಜವಾದದ್ದನ್ನು ಒಮ್ಮೆಯೂ ನೋಡಿರಲಿಲ್ಲ. ನೋಡುವ ಬಿಡುವು ಸಿಕ್ಕಾಗ ಮೊಣಕಾಲು ಕೈಕೊಟ್ಟವು. ಒಂದು ಭಾನುವಾರ ಕೋಟೆಗೆ ಹೋದಾಗ ನಾಲ್ಕು ಹೆಜ್ಜೆ ನಡೆದು ಕಲ್ಲಿನ ಮೇಲೆ ಕುಳಿತುಬಿಟ್ಟಳು. “ನಾವು ಕುಂತಲ್ಲೇ ಕುಂತಿರಬೇಕು, ಊರೇ ನಮ್ಮ ಮುಂದ ಹಾದು ಹೋಗಬೇಕು. ಅಂಥದ್ದು ಏನರ ಅದ ಏನ್ರಿ?” ಅಂತ ಕೇಳಿದಳು. ವಿಚಾರಿಸಿ ನೋಡಿದರೆ ಅಂಥದ್ದು ಒಂದಿತ್ತು. ಮುಂಬೈಯಿಂದ ಹೊರಟು ಕೆಲವು ದಿನ ತಿರುಗಾಡಿಸಿ ಮತ್ತೆ ಮುಂಬೈಗೇ ತಂದು ಇಳಿಸುವ ಹಡಗು. ಬೇಸಿಗೆಯಲ್ಲೇ ಇಬ್ಬರಿಗೂ ಟಿಕೆಟ್ ಆಯಿತು.

ಶ್ರಾವಣದಲ್ಲಿ ಅವಳಿಗೆ ಉಸಿರು ಸಾಲದಾಯಿತು.

ಆಸ್ಪತ್ರೆಯಲ್ಲಿ ಆ ದಿನ ಖಾಲಿ ಇದ್ದದ್ದು ಎರಡು ಕೋಣೆ. ಒಂದು ರಸ್ತೆಯ ಕಡೆಗೆ, ಕಿಟಕಿ ಇದ್ದದ್ದು. ಇನ್ನೊಂದು ಕಟ್ಟಡದ ನಡುವೆ, ಕಿಟಕಿ ಇಲ್ಲದ್ದು. “ಲಗೂನ ಹೇಳ್ರಿ, ಕೆಳಗ ಇನ್ನೂ ಪೇಶಂಟ್ ಅದಾರ,” ಅಂದರು ನರ್ಸಮ್ಮ. ನಾನು ಲಗುಬಗೆಯ ಮನುಷ್ಯನಲ್ಲ. ಎರಡನ್ನೂ ಸ್ಥಳ ಪರಿಶೀಲನೆ ಮಾಡಿದೆ. ರಸ್ತೆಯ ಕೋಣೆಯಲ್ಲಿ ಆಟೋಗಳ ಗದ್ದಲ, ಧೂಳು, ಪಶ್ಚಿಮದ ಬಿಸಿಲು. ಒಳಗಿನದು ತಂಪು, ನಿಶ್ಶಬ್ದ, ನರ್ಸಮ್ಮನ ಮೇಜಿಗೆ ಹನ್ನೊಂದೇ ಹೆಜ್ಜೆ. ಹೆಜ್ಜೆ ನಾನೇ ಎಣಿಸಿದ್ದೆ. ಒಳಗಿನದು ಅಂತ ತೀರ್ಮಾನ ಕೊಟ್ಟೆ. ಆ ತೀರ್ಮಾನದ ಬಗ್ಗೆ ಒಂದು ರಾತ್ರಿಯ ಮಟ್ಟಿಗೆ ನನಗೆ ಹೆಮ್ಮೆಯೂ ಇತ್ತು.

ಮರುದಿನ ಬೆಳಿಗ್ಗೆ ಅವಳು ಮೂಗಿನ ಕೊಳವೆ ಸರಿಸಿ ಕೇಳಿದಳು, “ರೀ, ಕಿಟಕಿ ಇದ್ದದ್ದು ಸಿಗೂದಿಲ್ಲೇನು?” ಹೋಗಿ ವಿಚಾರಿಸಿದೆ. ಅದು ಹಿಂದಿನ ಸಂಜೆಯೇ ಬೇರೆಯವರಿಗೆ ಹೋಗಿತ್ತು.

ಮತ್ತೆ ಅವಳು ಕಿಟಕಿಯ ಮಾತು ಎತ್ತಲಿಲ್ಲ. ಬದಲಿಗೆ ದಿನಕ್ಕೆರಡು ಸಲ ಕೇಳುವಳು, “ಹೊರಗ ಏನದ?” ನಾನು ಮೂರು ಅಂತಸ್ತು ಇಳಿದು, ಗೇಟಿನ ಬಳಿ ನಿಂತು ನೋಡಿ, ಹತ್ತಿ ಬಂದು ವರದಿ ಒಪ್ಪಿಸುತ್ತಿದ್ದೆ. ಪೇರಲ ಹಣ್ಣಿನ ಬಂಡಿ ಬಂದದ. ಮೋಡ ಆಗ್ಯಾದ, ಮಳಿ ಇಲ್ಲ. ಯಾರದೋ ಆಟೋ ಕೆಟ್ಟು ನಿಂತದ, ನಾಲ್ಕು ಮಂದಿ ನೂಕ್ಲಕತ್ಯಾರ. ಆಟೋ ಕಡೆಗೆ ಚಾಲೂ ಆಯಿತೋ ಇಲ್ಲವೋ ಅಂತ ಅವಳಿಗೆ ಬೇಕಾಗುತ್ತಿತ್ತು, ಮತ್ತೆ ಇಳಿಯುತ್ತಿದ್ದೆ. ಹತ್ತೊಂಬತ್ತು ದಿನ ಅಲ್ಲಿದ್ದೆವು. ನಾನು ಕೆಳಗಿಳಿದಾಗ ಊರಿಂದ ಬಂದ ನನ್ನ ಅಕ್ಕ ಅವಳ ಹತ್ತಿರ ಕೂಡುತ್ತಿದ್ದಳು. ಕೊನೆಯ ಎರಡು ದಿನ ಅವಳು ಏನೂ ಕೇಳಲಿಲ್ಲ. ಆದರೂ ಇಳಿದು, ನೋಡಿ, ಬಂದು ಹೇಳಿದೆ.

ಕಮಲಾಪುರದ ನಮ್ಮ ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು. ನಮ್ಮವರಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಕುಣಿಯ ಅಳತೆಯನ್ನು ಸತ್ತವರ ಪಾದದಿಂದ ತೆಗೆಯುತ್ತಾರೆ. ಪಾದದಷ್ಟುದ್ದ ಒಂದು ಕಡ್ಡಿ ಮುರಿದು, ಅದನ್ನು ನೆಲದ ಮೇಲೆ ಒಂದರ ಮುಂದೊಂದು ಇಡುತ್ತ ಹೋಗುವುದು. ತೋಡುವವನು ಇಟ್ಟ ಲೆಕ್ಕ ಸರಿಯಾಗಿದೆಯೇ ಎಂದು ನಾನು ನಿಂತು ನೋಡಿದೆ. ಸರಿಯಾಗಿತ್ತು. ಪಕ್ಕದಲ್ಲಿ ನನಗೂ ಅಷ್ಟು ಜಾಗ ಬಿಟ್ಟಿದ್ದಾರೆ. ಅದರ ಚೆಕ್ಕುಬಂದಿ ಸ್ಪಷ್ಟವಿದೆ, ತಕರಾರಿಲ್ಲ.

ಹಡಗಿನ ಟಿಕೆಟನ್ನು ತಿಂಗಳೊಳಗೆ ನಾನೇ ಹೋಗಿ ರದ್ದು ಮಾಡಿಸಿದೆ. ದೀಪಾವಳಿ ಕಳೆದ ಮೇಲೆ ಮತ್ತೆ ಅದೇ ಅಂಗಡಿಯ ಮೆಟ್ಟಿಲು ಹತ್ತಿದೆ. ಯಾಕೆಂದರೆ ಹೇಳುವುದು ಕಷ್ಟ. ದಿನಾ ಬೆಳಿಗ್ಗೆ ಎದ್ದು ಬೀದಿ ನೋಡಿದ ಕೂಡಲೇ ತಲೆಯಲ್ಲಿ ವರದಿ ತಯಾರಾಗುತ್ತಿತ್ತು, ಒಪ್ಪಿಸಿಕೊಳ್ಳುವವರು ಇರಲಿಲ್ಲ. ಅವಳು ನೋಡದೆ ಹೋದ ನೀರನ್ನಾದರೂ ನೋಡಿ ಬರಬೇಕೆನಿಸಿತ್ತು.

ಯಜಮಾನರು ಎದ್ದು ನಿಂತು ನನ್ನ ಕೈ ಹಿಡಿದರು. ಕುರ್ಚಿ ಎಳೆದು ಕೂಡಿಸಿ ಕೇಳಿದರು, “ಅಕೇಲೇ ಏನ್ರಿ?”

“ಒಬ್ಬನೇ.”

“ಒಬ್ಬರೇ ಹೋದ್ರೂ ಇಬ್ಬರ ದರಾನೇ ಹಿಡಿತಾರ್ರೀ ಅವರು. ಕೋಣಿ ಇಬ್ಬರದೇ ಇರ್ತದಲ್ಲಾ, ಅದಕ್ಕ.” ನಾಚಿಕೆ ತಮ್ಮದೇ ಎಂಬಂತೆ ನೆಲ ನೋಡಿದರು. ಹೆಂಡತಿ ಸತ್ತ ಮೇಲೂ ಅವಳ ಟಿಕೆಟ್ ತೆಗೆಸುವ ವಾಹನ ಜಗತ್ತಿನಲ್ಲಿ ಇದೊಂದೇ ಇರಬೇಕು. ನನಗೆ ಅದು ತಪ್ಪೆನಿಸಲಿಲ್ಲ.

ಮೂರು ಕೋಣೆ ಉಳಿದಿದ್ದವು. ಒಂದಕ್ಕೆ ಪೂರ್ತಿ ಕಿಟಕಿ. ಒಂದಕ್ಕೆ ಕಿಟಕಿ ಇದೆ, ಆದರೆ ಅಪಾಯ ಬಂದಾಗ ಜನರನ್ನು ಇಳಿಸುವ ದೋಣಿಯನ್ನು ಅದರ ಮುಂದೆಯೇ ತೂಗುಹಾಕಿದ್ದಾರೆ. ಮೂರನೆಯದು ಹಡಗಿನ ಹೊಟ್ಟೆಯೊಳಗೆ, ಕಿಟಕಿ ಇಲ್ಲ. ಅದರ ಚೆಕ್ಕುಬಂದಿ ಬಹಳ ಸರಳ: ಪೂರ್ವಕ್ಕೆ ಗೋಡೆ, ಪಶ್ಚಿಮಕ್ಕೆ ಗೋಡೆ, ಉತ್ತರಕ್ಕೆ ಗೋಡೆ, ದಕ್ಷಿಣಕ್ಕೆ ಬಾಗಿಲು. ಹಡಗು ಎಷ್ಟು ತಿರುಗಿದರೂ ಮೂರು ಗೋಡೆ, ಒಂದು ಬಾಗಿಲು ಎಂಬುದು ಬದಲಾಗುವಂಥದ್ದಲ್ಲ. ನಕ್ಷೆಯಲ್ಲಿ ನನ್ನ ಬೆರಳು ಅದರ ಮೇಲೆಯೇ ನಿಂತಿತು. ಅವಳಿಗೆ ಕೊಟ್ಟದ್ದನ್ನೇ ನಾನೂ ತೆಗೆದುಕೊಂಡರೆ ನ್ಯಾಯ ಸರಿಹೋಗುತ್ತದೆ ಎಂದು ಅನಿಸಿತ್ತು.

ದಾರಿಯಲ್ಲಿ ನಾನು ಸತ್ತರೆ ಹೆಣ ಇಡಲು ಹಡಗಿನಲ್ಲಿ ವ್ಯವಸ್ಥೆ ಇದೆಯೇ ಎಂದೂ ಕೇಳಿದೆ. ಯಜಮಾನರು ಫೋನು ಹಚ್ಚಿ ಮುಂಬೈಯವರನ್ನು ಕೇಳಿ, ಬೆವರು ಒರೆಸಿಕೊಂಡು, “ಅದ ಅಂತ್ರೀ. ತಂಪು ಕೋಣಿ,” ಅಂದರು. “ನಮ್ಮ ಉಮ್ರಾದವರು ಯಾರೂ ಇಷ್ಟು ಕೇಳಂಗಿಲ್ಲ ನೋಡ್ರಿ.”

“ನಾಳಿಗಿ ಹೇಳ್ತೀನಿ. ಸ್ಥಳ ಪರಿಶೀಲನೆ ಆಗಬೇಕು.”

“ಇವತ್ತೇ ಹೇಳ್ರಿ ಸಾಹೇಬ್ರ. ಕಿಟಕೀದು ನಿಲ್ಲಂಗಿಲ್ಲ.”

ಇಂಥದೇ ಮಾತನ್ನು ಆಸ್ಪತ್ರೆಯಲ್ಲಿ ನರ್ಸಮ್ಮನ ಬಾಯಿಂದ ಕೇಳಿದ್ದೆ. ಆದರೂ ಎದ್ದು ಬಂದೆ. ಮೂವತ್ತನಾಲ್ಕು ವರ್ಷದ ರೂಢಿ.

ಮರುದಿನ ಬೆಳಿಗ್ಗೆ ಮಾಳಿಗೆಯ ಮೇಲೆ, ಅವಳ ಡಬ್ಬಿಯಲ್ಲಿ ಉಳಿದಿದ್ದ ನೀಲಿ ಸುಣ್ಣದಕಡ್ಡಿಯಿಂದ, ಕಿಟಕಿ ಇಲ್ಲದ ಕೋಣೆಯನ್ನು ಇದ್ದ ಅಳತೆಗೇ ಬರೆಯಲು ಕುಳಿತೆ. ಟೇಪು ಅರ್ಧಕ್ಕೆ ಹರಿದಿತ್ತು. ಉಳಿದದ್ದನ್ನು ಹಿಮ್ಮಡಿಗೆ ಹೆಬ್ಬೆರಳು ಕೂಡಿಸುತ್ತ ಪಾದದಿಂದ ಅಳೆದೆ. ಗೆರೆ ಎಳೆದು, ಮಂಚದ ಜಾಗದಲ್ಲಿ ಮಲಗಿ, ಕಣ್ಣು ಮುಚ್ಚಿ, ಗೋಡೆಗಳು ಹೇಗೆ ಬರುತ್ತವೆಂದು ನೋಡುತ್ತಿದ್ದೆ.

ಆಗಲೇ ಕಮಲಾಪುರದ ಬಸ್ಸಿಗೆ ಬಂದ ನನ್ನ ಅಕ್ಕ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಕೆಂಪು ಬಾಳೆಹಣ್ಣಿನ ಚೀಲ. ಪಾದ ಇಟ್ಟ ಗುರುತುಗಳನ್ನು ನೋಡಿದಳು, ಗೆರೆ ನೋಡಿದಳು, ಗೆರೆಯೊಳಗೆ ಮಲಗಿದ ನನ್ನನ್ನು ನೋಡಿದಳು. ಚೀಲ ಕೆಳಗೆ ಬಿತ್ತು.

“ತಮ್ಮಾ! ಜೀವ ಇದ್ದಂಗೇ ಕುಣಿ ಅಳತಿ ತಗೀಲಕತ್ತೀಯೇನೋ?”

“ಇದು ಕುಣಿ ಅಲ್ಲ ಅಕ್ಕಾ. ಹಡಗಿನ ಕೋಣಿ.”

“ಹಡಗಿನಾಗ ಕುಣಿ ತೋಡ್ತಾರ?”

ಅವಳನ್ನು ಕೂಡಿಸಿ, ನೀರು ಕುಡಿಸಿ, ವಿವರಿಸಿದೆ. ಗೆರೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು, ಒಳಗೆ ಕಾಲಿಡಲಿಲ್ಲ.

“ಕಿಟಕಿ ಎಲ್ಲದ?”

“ಇಲ್ಲ.”

“ಕಿಟಕಿ ಇದ್ದದ್ದು ಸಿಗಲಿಲ್ಲೇನು?”

“ಅದ. ನಾನೇ ಇದು ಆರಿಸೀನಿ.”

ಅಕ್ಕ ಒಂದು ಹಣ್ಣು ಸುಲಿದು ನನ್ನ ಕೈಗಿಟ್ಟಳು. ಬೈಯುವ ಮೊದಲು ತಿನ್ನಲು ಕೊಡುವುದು ಅವಳ ಕ್ರಮ.

“ದವಾಖಾನಿಯಾಗ ನೀ ಕೆಳಗ ಹೋದಾಗ ಆಕಿ ನನಗ ಹೇಳ್ತಿದ್ಲು,” ಅಂದಳು. “ಅಕ್ಕಾರ, ಇವರು ಎಲ್ಲಾ ನೋಡಿ ಬಂದು ಹೇಳ್ತಾರ, ಆದ್ರ ಇವರು ಹೇಳಿದ್ರ ಎಲ್ಲಾ ಪಂಚನಾಮಿ ಆಗ್ತದ. ನನಗ ನಾನೇ ನೋಡಬೇಕಾಗ್ಯಾದ. ಹಿಂಗಂತಿದ್ಲು.”

ಕಚ್ಚಿದ ಹಣ್ಣನ್ನು ಕೆಳಗಿಟ್ಟೆ.

“ನನಗ ಯಾಕ ಹೇಳಲಿಲ್ಲ?”

“ನಿನಗ ಒಮ್ಮೆ ಹೇಳಿದ್ಲಲ್ಲ. ಆಕಿ ಕಿಟಕಿ ಕೇಳಿದ್ಲು, ನೀ ಗ್ವಾಡಿ ಕೊಟ್ಟಿ. ಈಗ ನೀನೂ ಗ್ವಾಡಿ ತಗೊಂಡ್ರ ಗ್ವಾಡಿ ಎರಡಾದವು. ಆಕಿಗೇನು ಬಂತು?” ಚೀಲದ ಹಣ್ಣುಗಳನ್ನು ಒಂದೊಂದಾಗಿ ಎತ್ತಿಡುತ್ತ ಕೇಳಿದಳು, “ನೀರಾಗ ಹೋಗಿ ಸತ್ತರ ಗಿತ್ತರ ಏನು ಮಾಡ್ತಾರ?”

“ಹೆಣ ಇಡೂ ಕೋಣಿ ಅದಂತ. ಕೇಳೀನಿ.”

“ಅದಕ್ಕ ಕಿಟಕಿ ಅದನೋ?”

“ಇರಂಗಿಲ್ಲ ಬಿಡು.”

“ಮತ್ತ ಆವಾಗ ಹೆಂಗೂ ಇಲ್ಲ. ಜೀವ ಇದ್ದಾಗರ ತಗೊಂಡು ಸಾಯಿ.”

ಕೈ ತೊಳೆಯದೆ ಎದ್ದೆ. ಆಟೋ ಹಿಡಿದು ಹೊರಟರೆ, ಶರಣಬಸವೇಶ್ವರ ಗುಡಿಯ ಹತ್ತಿರ ಕಾಲೇಜು ಬಿಟ್ಟ ಹೊತ್ತು. ಹುಡುಗರ ಗುಂಪು ರಸ್ತೆ ಬಿಡಲಿಲ್ಲ. ಅಂಗಡಿ ತಲುಪಿದಾಗ ಯಜಮಾನರು ನನ್ನ ಮುಖ ನೋಡಿಯೇ ಕನ್ನಡಕ ತೆಗೆದರು.

“ಕಿಟಕೀದು ಹೋತ್ರೀ. ಈಗೊಂದು ತಾಸಾತು. ನಾ ನಿಮಗ ಫೋನು ಹಚ್ಚೀನಿ, ನೀವು ಎತ್ತಲಿಲ್ಲ.”

ಫೋನು ಮಾಳಿಗೆಯ ಮೇಲೆ, ಗೆರೆಯ ಪಕ್ಕ ಬಿದ್ದಿತ್ತು.

ನಾನು ಕುಳಿತೆ. ಎರಡನೇ ಸಲವೂ ಪರಿಶೀಲನೆ ಸಂಪೂರ್ಣವಾಗಿತ್ತು, ಲೋಪವಿರಲಿಲ್ಲ, ಕಿಟಕಿ ಮಾತ್ರ ಹೋಗಿತ್ತು. ಯಜಮಾನರು ಚಹಾ ತರಿಸಿದರು. ಹೊರಗೆ ಯಾರೋ ಮೊಸಂಬಿಯ ದರಕ್ಕಾಗಿ ಜಗಳಾಡುತ್ತಿದ್ದರು. ಆಲಿಸಿ ನೆನಪಿಟ್ಟುಕೊಂಡೆ, ಯಾರಿಗೆ ವರದಿ ಒಪ್ಪಿಸಲು ಎಂದು ಆಮೇಲೆ ತಿಳಿಯಲಿಲ್ಲ.

“ದೋಣಿ ಅಡ್ಡ ಇದ್ದದ್ದು ಅದನೋ ಇಲ್ಲೋ?” ಕೇಳಿದೆ.

“ಅದ ಇನ್ನಾ. ಆದ್ರ ಸಾಹೇಬ್ರ, ಅದರಾಗಿಂದ ಏನೂ ಕಾಣಂಗಿಲ್ಲಂತ. ದೋಣಿ ಹೊಟ್ಟೀನೇ ಕಾಣ್ತದ. ಮ್ಯಾಲ ಒಂದು ಗೇಣು ಆಸ್ಮಾನು, ಕೆಳಗ ಒಂದೀಟು ನೀರು ಕಂಡ್ರ ಕಂಡೀತು.”

“ಮಾಡ್ರಿ.”

“ಮತ್ತ ನಕ್ಷಾ ನೋಡಂಗಿಲ್ಲೇನ್ರಿ? ಅಳತಿ?”

“ಬ್ಯಾಡ. ಈಗೇ ಮಾಡ್ರಿ.”

ನನ್ನ ಜೀವನದಲ್ಲಿ ಸ್ಥಳ ನೋಡದೆ, ಅಳೆಯದೆ, ಗಡಿ ಕೇಳದೆ ಸಹಿ ಮಾಡಿದ್ದು ಅದೊಂದೇ ಕಾಗದ. ಯಜಮಾನರು ಬೇರೆ ಕಡೆ ನೋಡಿದರು.

ಮನೆಗೆ ಬಂದಾಗ ಅಕ್ಕ ಊರಿಗೆ ಹೋಗಿಬಿಟ್ಟಿದ್ದಳು. ನನ್ನ ಫೋನನ್ನು ಒಳಗಿಟ್ಟು, ಮಾಳಿಗೆಯ ಮೇಲೆ ನೀರು ಸುರಿದು ಗೆರೆ ಅಳಿಸಲು ನೋಡಿದ್ದಳು. ಪೂರ್ತಿ ಹೋಗಿರಲಿಲ್ಲ, ಮಂಚದ ಕಡೆಯ ಒಂದು ಮೂಲೆ ಇನ್ನೂ ನೀಲಿಯಾಗಿತ್ತು. ಸಂಜೆ ಅವಳ ಫೋನು ಬಂತು.

“ಕಿಟಕಿ ಸಿಕ್ತೇನು?”

“ಸಿಕ್ತು. ಮುಂದ ದೋಣಿ ಅಡ್ಡ ಅದ.”

ಆ ಕಡೆ ಎಮ್ಮೆ ಕೂಗಿತು.

“ಅಡ್ಡ ಇದ್ರ ಬಗ್ಗಿ ನೋಡು,” ಅಂದಳು ಅಕ್ಕ. “ನಿನ್ನ ಸೊಂಟ ಇನ್ನಾ ಗಟ್ಟಿ ಅದ. ಬಗ್ಗಿ ನೋಡು. ಬಂದು ಯಾರಿಗೂ ಹೇಳಬ್ಯಾಡ.”